ಹಳ್ಳಿ ಪಬ್ಬು ಅಂದ್ರೆ ಬರೀ ಕುಡಿಯೋ ಜಾಗ ಅಲ್ಲ

ಐರ್ಲೆಂಡ್ ಹಳ್ಳಿ ಪಬ್‌ಗಳ ಬಗ್ಗೆ ಓದ್ತಾ ಕೂತ್ರೆ ಟೈಮ್ ಹೋಗಿದ್ದೇ ಗೊತ್ತಾಗಲ್ಲ ಕಣ್ರೀ. ಬಾಗಿಲ ಮೇಲೆ ಮನೆತನದ ಹೆಸರು, ಮೇಲ್ಗಡೆ ಸಂಸಾರ, ಕೆಳಗಡೆ ವ್ಯಾಪಾರ. ಹಳೇವುಗಳಲ್ಲಿ ಮುಂದ್ಗಡೆ ಟೀ ಪುಡಿ, ಸಕ್ಕರೆ, ಹಿಂದ್ಗಡೆ ಬಾರು, ಇನ್ನು ಕೆಲವು ಕಡೆ ಅದೇ ಮನೆಯವ್ರೇ ಶವಸಂಸ್ಕಾರದ ಏರ್ಪಾಡೂ ನೋಡ್ಕೊಳ್ಳೋರು, ಊರೋರು ಮಣ್ಣು ಮುಗ್ಸಿ ಬಂದು ಅಲ್ಲೇ ಕೂತು ಸತ್ತೋನ ಕಥೆ ಹೇಳ್ಕೊಂಡು ಕುಡಿಯೋದು! ಸ್ಟೌಟ್ ಅನ್ನೋ ಕಪ್ಪು ಬಿಯರ್‌ನ ಮುಕ್ಕಾಲು ಗ್ಲಾಸ್ ತುಂಬ್ಸಿ, ನೊರೆ ಕೂರೋ ತನಕ ಬಿಟ್ಟು ಆಮೇಲೆ ಫುಲ್ ಮಾಡ್ತಾರೆ, ಅಷ್ಟರಲ್ಲೇ ಅರ್ಧ ಊರಿನ ಸುದ್ದಿ ಕೌಂಟರ್ ಮೇಲೆ. 2004ರಲ್ಲಿ ಒಳಗೆ ಸಿಗರೇಟ್ ಬ್ಯಾನ್ ಆಯ್ತು, ಕುಡ್ದು ಗಾಡಿ ಓಡ್ಸೋ ರೂಲ್ಸೂ ಬಿಗಿಯಾಯ್ತು (ಸರಿಯಾಗೇ ಮಾಡಿದ್ರು ಬಿಡಿ), ಒಂದೊಂದೇ ಬಾಗಿಲು ಹಾಕ್ತಿವೆ. ಬಸ್ಸಿಲ್ಲದ ಊರಲ್ಲಿ ಒಂಟಿ ಮುದುಕ ಸಂಜೆ ಎಲ್ಲಿಗೆ ಹೋಗ್ಬೇಕು ಹೇಳಿ?