60 ಹರ್ಟ್ಸ್ ಸ್ಕಿಮ್ಮರ್, 50 ಹರ್ಟ್ಸ್ ಮನೆ

ಮೂರು ವಾರ ನೊರೆಯ ಬೆನ್ನು ಹತ್ತಿದ ಮೇಲೆ, ನಿನ್ನೆ ಬೆಳಗ್ಗೆ, ನನ್ನ ಉಪ್ಪುನೀರಿನ ಮೀನಿನ ಟ್ಯಾಂಕಿನ ಕೊಳೆಯನ್ನು ನೊರೆಯಾಗಿಸಿ ಎತ್ತುವ ಯಂತ್ರವಾದ ಸ್ಕಿಮ್ಮರಿನ ಬಟ್ಟಲಿನಲ್ಲಿ ಎರಡು ಬೆರಳಷ್ಟು ಕಡುಕಂದು ನೀರು ನಿಂತಿತ್ತು. ಅದರ ನಾತಕ್ಕೆ ಮನೆಯವರೆಲ್ಲ ಮೂಗು ಮುಚ್ಚಿಕೊಂಡರು. ನನಗೆ ಮಾತ್ರ ಹಬ್ಬ.

ಸ್ಕಿಮ್ಮರ್ ಎಷ್ಟು ದೊಡ್ಡ ಟ್ಯಾಂಕಿಗೆ ಸಾಕೆಂದು ಡಬ್ಬಿಯ ಮೇಲೆ ಬರೆದ ಲೀಟರುಗಳಲ್ಲಿ ಅರ್ಧವನ್ನಷ್ಟೇ ನಂಬಬೇಕೆಂಬ, ಮೀನು ಸಾಕುವ ನಮ್ಮೆಲ್ಲರ ಲೆಕ್ಕದಂತೆ, ನನ್ನ 200 ಲೀಟರಿನ ಟ್ಯಾಂಕಿಗೆ 400 ಲೀಟರಿನ ಮಾದರಿ ಬೇಕಿತ್ತು. ಹೊಸದರ ಬೆಲೆಗೆ ಬೆದರಿ, ಅಮೆರಿಕದಿಂದ ಬಂದ ಬಳಸಿದ ಸ್ಕಿಮ್ಮರೊಂದನ್ನು ಅರ್ಧ ಬೆಲೆಗೆ ಕೊಂಡೆ. "ಒಂದು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕ್ಕೊಳ್ಳಿ ಸಾರ್, ಬೆಣ್ಣೆ ಥರ ಓಡುತ್ತೆ" ಎಂದು ಮಾರಿದವರು ಭರವಸೆ ಕೊಟ್ಟರು.

ಓಡಿತೇನೋ ನಿಜ. ಆದರೆ ನೊರೆ ಕುತ್ತಿಗೆಯ ಬುಡದವರೆಗೆ ಏರಿ, ಒಲೆ ಸಣ್ಣ ಮಾಡಿದಾಗ ಇಳಿಯುವ ಅನ್ನದ ಗಂಜಿಯಂತೆ ಕುಸಿಯುತ್ತಿತ್ತು. ಹೊಸದಾಗಿ ಹೂಡಿದ್ದು, ಪಳಗಲೆಂದು ಹತ್ತು ದಿನ ಕಾದೆ. ಟ್ಯಾಂಕಿನ ನೀರು ಸೋಸುವ ತೊಟ್ಟಿಯಾದ ಸಂಪಿನಲ್ಲಿ, ಸ್ಕಿಮ್ಮರ್ ಕೂತ ಖಾನೆಯ ನೀರಿನ ಆಳವನ್ನು 15 ಸೆಂಟಿಮೀಟರಿನಿಂದ 20ರವರೆಗೆ ಅರ್ಧರ್ಧ ಸೆಂಟಿಮೀಟರಿನಂತೆ ಏರಿಸಿ ನೋಡಿದೆ. ಗಾಳಿಕೊಳವೆಯಲ್ಲಿ ಉಪ್ಪು ಕಟ್ಟಿರಬಹುದೆಂದು ಬಿಸಿನೀರು ಹಾಯಿಸಿದೆ. ಇಡೀ ಸ್ಕಿಮ್ಮರನ್ನು ವಿನೆಗರಿನಲ್ಲಿ ರಾತ್ರಿಯಿಡೀ ನೆನೆಸಿದೆ. ಗುಳ್ಳೆಗಳು ಮಾತ್ರ ಸಾಬುದಾನಿಯ ಗಾತ್ರ ಬಿಟ್ಟು ಇಳಿಯಲಿಲ್ಲ.

ಕೊನೆಗೆ ಸುಳಿವು ಕೊಟ್ಟದ್ದು ಕೈಗೆ ತಾಗಿದ ಬಿಸಿ. ಪಂಪಿನ ಮೈ ಮುಟ್ಟಲಾಗದಷ್ಟು ಕಾದಿತ್ತು. ಅದರ ಪಾಚಿ ಉಜ್ಜಿದಾಗ ಕಂಡ ಬರಹ: 120 ವೋಲ್ಟ್, 60 ಹರ್ಟ್ಸ್. ಹರ್ಟ್ಸ್ ಎಂದರೆ ಕರೆಂಟು ಸೆಕೆಂಡಿಗೆ ಎಷ್ಟು ಆವರ್ತ ಮುಗಿಸುತ್ತದೆ ಎಂಬ ಲೆಕ್ಕ; ನಮ್ಮ ಮನೆಯಲ್ಲಿ ಅದು 50. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆಯೇ ಹೊರತು ಹರ್ಟ್ಸನ್ನು ಬದಲಿಸುವುದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ, ಹೊಳೆಯಲಿಲ್ಲ. ಈ ಪುಟ್ಟ ಸಿಂಕ್ರೊನಸ್ ಮೋಟಾರುಗಳ ವೇಗವನ್ನು ನಿರ್ಧರಿಸುವುದೇ ಹರ್ಟ್ಸ್. ಅಲ್ಲಿ ನಿಮಿಷಕ್ಕೆ 3600 ಸುತ್ತು ತಿರುಗುತ್ತಿದ್ದದ್ದು ಇಲ್ಲಿ 3000ಕ್ಕೆ ಇಳಿದಿತ್ತು. ವೇಗ ಇಳಿದದ್ದರಿಂದ ನೀಡಲ್ ವೀಲ್ (ಪಂಪಿನೊಳಗಿನ ಮುಳ್ಳುಮುಳ್ಳಿನ ಚಕ್ರ) ಎಳೆದುಕೊಳ್ಳುವ ಗಾಳಿ ಕಡಿಮೆಯಾಗಿ, ಎಳೆದಷ್ಟನ್ನೂ ಅದು ನುಣ್ಣಗೆ ಚೂರು ಮಾಡದೆ, ಮೀನಿನ ಕೊಳೆಯ ಪ್ರೋಟೀನು ಅಂಟಿಕೊಳ್ಳಬೇಕಾದ ಗುಳ್ಳೆಗಳ ಮೇಲ್ಮೈಯೇ ಸಾಲದಾಗಿತ್ತು. ಮೇಲಾಗಿ, ಅದೇ ವೋಲ್ಟೇಜನ್ನು ಕಡಿಮೆ ಹರ್ಟ್ಸಿನಲ್ಲಿ ಕೊಟ್ಟರೆ ಸುರುಳಿ ಹೆಚ್ಚು ಕರೆಂಟು ಎಳೆದು ಕಾಯುತ್ತದೆ.

230 ವೋಲ್ಟಿನ, 50 ಹರ್ಟ್ಸಿನ ನೀಡಲ್ ವೀಲ್ ಪಂಪನ್ನು ಮಾತ್ರ ತರಿಸಿದೆ. ಮೊದಲ ಪೊಟ್ಟಣದಲ್ಲಿ ಬಂದದ್ದು ಮಾಮೂಲಿ ರೆಕ್ಕೆಯ ಇಂಪೆಲ್ಲರ್ ಚಕ್ರ. ಫೋಟೋ ಕಳಿಸಿ ದೂರಿದರೆ "ಎರಡೂ ಒಂದೇ ಸಾರ್" ಎಂಬ ಉತ್ತರ. ಸರಿಯಾದದ್ದು ಬರಲು ಇನ್ನೆಂಟು ದಿನ ಹಿಡಿಯಿತು. ಅದರ ಬಾಯಿ ಸ್ಕಿಮ್ಮರಿನ ತೂತಿಗೆ ಸಡಿಲವಾಗಿದ್ದರಿಂದ, ಮೆತುವಾದ ಸಿಲಿಕೋನ್ ಕೊಳವೆಯ ತುಂಡೊಂದನ್ನು ನಡುವೆ ತುರುಕಿದೆ. ಸ್ವಿಚ್ ಒತ್ತಿದ ಕೂಡಲೇ ಸ್ಕಿಮ್ಮರಿನೊಳಗಿನ ನೀರೆಲ್ಲ ನುಣ್ಣನೆಯ ಗುಳ್ಳೆಗಳಿಂದ ಹಾಲಿನಂತೆ ಬೆಳ್ಳಗಾಯಿತು.

ಮುಂದಿನ ಕೆಲಸ, ಟ್ಯಾಂಕಿಗೆ ಕ್ಯಾಲ್ಸಿಯಂ ಒದಗಿಸಲು ಸುಣ್ಣದ ತಿಳಿನೀರು ತೊಟ್ಟಿಕ್ಕಿಸುವ ಪಾತ್ರೆ. ಎಲೆಯಡಿಕೆಗೆ ತಂದ ಸುಣ್ಣವೇ ಸಾಲದೇ ಎಂದು ಅಮ್ಮ ಕೇಳುತ್ತಿದ್ದಾರೆ. ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡೇ ಬೇಕೆಂದರೆ ಒಪ್ಪುತ್ತಿಲ್ಲ.

ಸ್ಕಿಮ್ಮರ್, ಟ್ರಾನ್ಸ್‌ಫಾರ್ಮರ್, ಪಂಪು, ಎರಡು ಸಲದ ಕೊರಿಯರ್ ಎಲ್ಲ ಕೂಡಿಸಿದರೆ ಹೊಸದಕ್ಕಿಂತ 300 ರೂಪಾಯಿ ಉಳಿದಿದೆ. ಟ್ರಾನ್ಸ್‌ಫಾರ್ಮರ್ ಅಟ್ಟ ಸೇರಿದೆ. ಬೇಕಾದವರು ಬಂದು ಒಯ್ಯಬಹುದು.