ಹೊಗೆಯ ಲೆಕ್ಕ

ಇಂದು ಬೆಳಿಗ್ಗೆ ಪುಣೆಯ ಪಾಷಾಣ್ ಗುಡ್ಡದ ದಾರಿಯಲ್ಲಿ ಯಾರೋ ತರಗೆಲೆ ಸುಡುತ್ತಿದ್ದರು. ಜ್ವಾಲೆ ಆರಿ ರಾಶಿ ಒಳಗೊಳಗೇ ಕುಮುಲತೊಡಗಿದ ಮೇಲೆಯೇ ಹೊಗೆ ದಟ್ಟವಾಯಿತು. ಉಷ್ಣವಲಯದ ಕಾಡು ಉರಿದಾಗಲೂ ಹೀಗೆಯೇ: ಧಗಧಗಿಸುವ ಬೆಂಕಿ ಹೆಚ್ಚಾಗಿ ಕಾರ್ಬನ್ ಡೈಆಕ್ಸೈಡನ್ನು ಕೊಟ್ಟರೆ, ಕುಮುಲುವ ಬೆಂಕಿಯಿಂದ ಕಾರ್ಬನ್ ಮಾನಾಕ್ಸೈಡ್, ಮೀಥೇನ್‌ಗಳು ಹೆಚ್ಚು ಹೊಮ್ಮುತ್ತವೆ. ಆದ್ದರಿಂದಲೇ ವಿಜ್ಞಾನಿಗಳು ಹೊಗೆಯೊಳಗೆ ವಿಮಾನ ಹಾರಿಸಿ, ಉಕ್ಕಿನ ಡಬ್ಬಿಗಳಲ್ಲಿ ಗಾಳಿ ತುಂಬಿ ತಂದು, ಸುತ್ತಲಿನ ಗಾಳಿಗಿಂತ ಪ್ರತಿಯೊಂದು ಅನಿಲ ಎಷ್ಟು ಹೆಚ್ಚಿದೆಯೆಂದು ಕಂಡು, ಆ ಹೆಚ್ಚಳವನ್ನು ಕಾರ್ಬನ್ ಡೈಆಕ್ಸೈಡಿನ ಹೆಚ್ಚಳದಿಂದ ಭಾಗಿಸುತ್ತಾರೆ. 1979ರಲ್ಲಿ ವಾತಾವರಣ ರಸಾಯನವಿಜ್ಞಾನಿ ಪಾಲ್ ಕ್ರುಟ್ಜನ್ ಮತ್ತು ಸಂಗಡಿಗರು ಇಂಥ ಅನುಪಾತಗಳಿಂದಲೇ ಇಡೀ ಜಗತ್ತಿನಲ್ಲಿ ಇಂಥ ಬೆಂಕಿಗಳಿಂದ ಹೊಮ್ಮುವ ಅನಿಲಗಳ ಲೆಕ್ಕವನ್ನು ಅಂದಾಜಿಸಿದ್ದರೆಂಬುದು ನನಗೆ ಇಂದಿಗೂ ಬೆರಗು. ಮಲೆನಾಡಿನ ನಮ್ಮ ಮನೆಯಲ್ಲಿ ಹಸಿ ಸೌದೆಯ ಒಲೆ ಊದುತ್ತಿದ್ದ ಅಮ್ಮನ ಕೆಂಪಾದ ಕಣ್ಣುಗಳು ನೆನಪಾದವು. ಆ ಅಡುಗೆಮನೆಯ ಗಾಳಿಯನ್ನು ಯಾರೂ ಅಳೆದಿರಲಿಲ್ಲ.