ಸಕಲೇಶಪುರಕ್ಕೂ ನೆಟ್ಟಣಕ್ಕೂ ನಡುವೆ

ಬೆಂಗಳೂರಿನಿಂದ ಪುತ್ತೂರಿಗೆ ರಾತ್ರಿ ರೈಲಿನಲ್ಲಿ ಹೋಗುವವರಲ್ಲಿ ಎರಡು ಜಾತಿ. ಹತ್ತಿದ ಕೂಡಲೇ ಹೊದ್ದು ಮಲಗಿ ಕಬಕ ಪುತ್ತೂರಿನಲ್ಲೇ ಕಣ್ಣು ಬಿಡುವವರು, ಮತ್ತೆ ಸಕಲೇಶಪುರ ಬಂದಾಗ ತಾನಾಗಿ ಎಚ್ಚರವಾಗುವವರು. ನಾನು ಎರಡನೇ ಜಾತಿ.

ಘಾಟಿ ಇಳಿಯುವ ಮುಂಚೆ ಅಲ್ಲಿ ಬ್ರೇಕು ನೋಡುತ್ತಾರೆ, ಹೆಚ್ಚುವರಿ ಎಂಜಿನ್ ಸೇರಿಸುತ್ತಾರೆ. ಆಮೇಲೆ ನೆಟ್ಟಣದ ಸುಬ್ರಹ್ಮಣ್ಯ ರೋಡ್ ಸ್ಟೇಷನ್ನಿನವರೆಗೆ ಸುಮಾರು 55 ಕಿಲೋಮೀಟರು, ಅಷ್ಟರಲ್ಲೇ 57 ಸುರಂಗ. ವೇಗವೋ, ಗಂಟೆಗೆ 30 ಕಿಲೋಮೀಟರು ದಾಟುವಂತಿಲ್ಲ. ಫೋನಿನ ಸಿಗ್ನಲ್ ಹೋಗುತ್ತದೆ. ಎಡಕುಮೇರಿ ಅಂತ ಒಂದು ಸ್ಟೇಷನ್ ಇದೆ, ಸುತ್ತ ಬರೀ ಕಾಡು, ಒಂದು ಲೈಟು ಬಿಟ್ಟರೆ ಇನ್ನೇನೂ ಕಾಣುವುದಿಲ್ಲ. ಆಫೀಸು ಹಿಂದೆ ಉಳಿದಿರುತ್ತದೆ, ಮನೆ ಇನ್ನೂ ಬಂದಿರುವುದಿಲ್ಲ, ಯಾರಿಗೂ ಏನೂ ಉತ್ತರ ಕೊಡಬೇಕಾಗಿಲ್ಲ. ನಿಧಾನ ಅಂತ ಬೈಯುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟು. 1996ರಲ್ಲಿ ಗೇಜ್ ಬದಲಾವಣೆಗೆ ಅಂತ ನಿಂತ ಈ ದಾರಿ ಪ್ರಯಾಣಿಕರಿಗೆ ಮತ್ತೆ ಸಿಕ್ಕಿದ್ದು 2007ರ ಡಿಸೆಂಬರಿನಲ್ಲಿ. ಅಷ್ಟು ವರ್ಷ ಶಿರಾಡಿ ಘಾಟಿಯ ಹೊಂಡಗಳಲ್ಲಿ ಬಸ್ಸಿನಲ್ಲಿ ಎಗರಿದ್ದು ಮರೆತುಹೋಯಿತಾ?

ಆ ತಿರುವುಗಳಲ್ಲಿ ನನ್ನ ಸೀಟಿನ ಕೆಳಗಿಂದ ಒಂದು ಸದ್ದು ಬರುತ್ತದೆ. ಬ್ಯಾಗಿನಲ್ಲಿರುವ ಖಾಲಿ ಸ್ಟೀಲ್ ಡಬ್ಬದ್ದು.

ಈ ಡಬ್ಬದ ಕಥೆ ಹೇಳಲೇಬೇಕು. ಅದು ನಮ್ಮದಲ್ಲ. ಮುಚ್ಚಳದ ಮೇಲೆ ಚಿಕ್ಕಪ್ಪನ ಹೆಸರು ಚುಕ್ಕಿ ಚುಕ್ಕಿಯಾಗಿ ಕೊರೆದಿದೆ, ಪಾತ್ರೆ ಅಂಗಡಿಯವರು ಕೊರೆದುಕೊಡುತ್ತಿದ್ದರಲ್ಲ, ಹಾಗೆ. ಕೊನೆಯ ಅಕ್ಷರ ಉಜ್ಜಿ ಉಜ್ಜಿ ಸವೆದಿದೆ. ಯಾವಾಗಲೋ ಚಿಕ್ಕಮ್ಮ ಅದರಲ್ಲಿ ಹಲಸಿನ ಹಣ್ಣಿನ ಕಡುಬು ಕಳಿಸಿದ್ದರು. ಕಡುಬು ಅವತ್ತೇ ಮುಗಿಯಿತು. ಡಬ್ಬ ಉಳಿಯಿತು, ಯಾಕೆಂದರೆ ಖಾಲಿ ಡಬ್ಬ ವಾಪಸ್ ಕೊಡಬಾರದಲ್ವಾ? ಏನಾದರೂ ಹಾಕಿ ಕೊಡಬೇಕು. ಆ 'ಏನಾದರೂ' ಆಗುವಷ್ಟರಲ್ಲಿ ಅಮ್ಮ ಅದಕ್ಕೆ ಹಪ್ಪಳ ತುಂಬಿ ನನ್ನ ಬ್ಯಾಗಿಗೆ ತುರುಕಿದರು. ಅಲ್ಲಿಂದ ಅದು ಘಾಟಿ ಹತ್ತುತ್ತದೆ, ಇಳಿಯುತ್ತದೆ. ಬೆಂಗಳೂರಿನ ಅಡುಗೆಮನೆಯಲ್ಲಿ ಅದಕ್ಕೆ ಅಂತ ಒಂದು ಜಾಗ ಇಲ್ಲ, ಊರಿನ ಕಪಾಟಿನಲ್ಲೂ ಇಲ್ಲ.

ನೆಟ್ಟಣ ದಾಟಿ ಸಿಗ್ನಲ್ ಬಂದ ಕೂಡಲೇ ಅಮ್ಮನ ಫೋನು.

"ಎಲ್ಲಿಗೆ ಮುಟ್ಟಿತು? ಡಬ್ಬ ತಂದಿದ್ದೀಯಾ?"

ನಾನು ಬಂದೆನಾ ಅನ್ನುವುದಕ್ಕಿಂತ ಅದೇ ಜಾಸ್ತಿ ಮುಖ್ಯ ಅನ್ನಿಸುತ್ತದೆ ಒಮ್ಮೊಮ್ಮೆ. ಈ ಸಲ ಚಿಕ್ಕಮ್ಮನಿಗೇ ಕೊಟ್ಟುಬಿಡೋಣ ಎಂದು ಗಾಂಧಿ ಬಜಾರಿನಿಂದ ಕೋಡುಬಳೆ ತಂದು ತುಂಬಲು ಹೊರಟಿದ್ದೆ. ಅಮ್ಮ ಬೇಡ ಅಂದರು. ನಮ್ಮ ಎರಡು ಡಬ್ಬ ಚಿಕ್ಕಮ್ಮನ ಮನೆಯಲ್ಲಿ ಇವೆಯಂತೆ, ಲೆಕ್ಕ ಸರಿಹೋಯಿತಂತೆ. ನನಗೇನೋ ಸರಿಹೋದಂತೆ ಕಾಣುವುದಿಲ್ಲ. ನಮ್ಮ ಎರಡರಲ್ಲಿ ಒಂದಕ್ಕೆ ಮುಚ್ಚಳವೇ ಇರಲಿಲ್ಲ.